ಕಂಪ್ಯೂಟರಿನ ಬಾಯಿಗೆ ಬಿದ್ದ ಬೀಗ

ಕಣ್ಣಿಲ್ಲದವನು ಕಂಪ್ಯೂಟರ್ ಮುಂದೆ ಕೂತರೆ ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ಆ ಕಂಪ್ಯೂಟರಿಗೆ ಯಾರಾದರೂ ಕಾವಲು ಇಟ್ಟರೆ ದಿನಕ್ಕೊಂದು.

ನಾನು ಯಳಂದೂರಿನವನು. ದಿನಾ ಬೆಳಿಗ್ಗೆ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಹನೂರಿಗೆ ಇನ್ನೊಂದು. ಹನೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. ಪರದೆಯ ಮೇಲಿರುವುದನ್ನೂ ನಾನು ಒತ್ತುವ ಕೀಗಳನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ. ಅದು ಓದುತ್ತದೆ, ನಾನು ಕೆಲಸ ಮಾಡುತ್ತೇನೆ.

ಈ ಕುರ್ಚಿ ಸಿಗುವ ಮೊದಲು ನಾಲ್ಕು ವರ್ಷ ನನ್ನನ್ನು ಟೆಲಿಫೋನ್ ಪಕ್ಕ ಕೂರಿಸಿದ್ದರು. ಕರೆ ಬಂದರೆ ಎತ್ತುವುದಷ್ಟೇ ಕೆಲಸ. ಅದರಲ್ಲಿ ಕೊನೆಯ ಎರಡು ವರ್ಷ ಆ ಟೆಲಿಫೋನಿಗೆ ಕನೆಕ್ಷನ್ನೇ ಇರಲಿಲ್ಲ. ಸಂಬಳ ಬರುತ್ತಿತ್ತು, ಮರ್ಯಾದೆ ಬರುತ್ತಿರಲಿಲ್ಲ. ಮತ್ತೆ ಆ ಕುರ್ಚಿಗೆ ಹೋಗಬೇಕಾದೀತು ಎಂದರೆ ನನಗೆ ಇವತ್ತಿಗೂ ಭಯ.

ಕಳ್ಳ ಸಿಕ್ಕಿದ

ಒಂದು ದಿನ ಮೇಲಿನವರ ಆದೇಶದಂತೆ ಕಚೇರಿಯ ಎಲ್ಲ ಕಂಪ್ಯೂಟರಿಗೂ ಹೊಸ ರಕ್ಷಣಾ ತಂತ್ರಾಂಶ ಹಾಕಿದರು. ವೈರಸ್ಸು, ಕಳ್ಳಕಾಕರು ಯಾರೂ ಒಳಗೆ ಬರಬಾರದು ಎಂದು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದೆ. ಸದ್ದಿಲ್ಲ. ಸ್ಪೀಕರ್ ವೈರು ಸಡಿಲಾಗಿರಬೇಕೆಂದು ಜವಾನರನ್ನು ಕರೆದೆ. ನಿವೃತ್ತಿಗೆ ಎರಡು ವರ್ಷ ಇದ್ದ ಹಿರಿಯರು. ಕನ್ನಡಕ ಏರಿಸಿ ಪರದೆ ನೋಡಿದರು.

"ಸಾ, ಕೆಂಪಗೆ ಒಂದು ಪೆಟ್ಟಿಗೆ ಬಂದದೆ. ಯಾರೋ ನೀವು ಒತ್ತಾ ಕೀನೆಲ್ಲ ಕದ್ದು ಕೇಳುಸ್ಕತಾವ್ರಂತೆ. ಪರದೆ ಮ್ಯಾಲಿರಾದ್ನೆಲ್ಲ ಓದ್ಕತಾವ್ರಂತೆ. ಇಡ್ದು ಕಟ್ಟಾಕಿವಿ ಅಂತ ಬರ್ದವ್ರೆ."

"ಯಾರಂತೆ ಕಳ್ಳ?"

"ಎಸ್ರು ಇಂಗ್ಲೀಸ್ನಲ್ಲದೆ." ಅಕ್ಷರ ಕೂಡಿಸಿ ಓದಿದರು. ನನ್ನ ಸ್ಕ್ರೀನ್ ರೀಡರಿನ ಹೆಸರೇ.

ಕಾವಲಿನವನ ತಪ್ಪೂ ಇಲ್ಲ ಅನ್ನಿ. ಕಳ್ಳ ಮಾಡುವುದೂ ಅದನ್ನೇ, ನನ್ನ ರೀಡರು ಮಾಡುವುದೂ ಅದನ್ನೇ. "ಬಿಡಬೇಕೋ ಬೇಡವೋ ಅಂತ ಏನಾದರೂ ಕೇಳ್ತಿದೆಯಾ?" ಎಂದೆ.

"ಊ ಸಾ, ಕೇಳ್ತಾ ಅದೆ. ಒಂದ್ ನಿಮ್ಸದಲ್ಲಿ ಉತ್ರ ಕೊಡಿ ಅಂತದೆ... ತಡೀರಿ... ಓಯ್ತು. ನೀವು ಏನೂ ಮಾತಾಡ್ದೆ ಇದ್ದದ್ಕೆ ನಿಮ್ಮ ಒಪ್ಗೆ ಅದೆ ಅಂತ ತಿಳ್ಕಂಡವ್ರಂತೆ."

ಸಹಾಯವಾಣಿ

ಪೆಟ್ಟಿಗೆಯಲ್ಲೇ ಒಂದು ಸಹಾಯವಾಣಿ ನಂಬರಿತ್ತು. ಮೊಬೈಲಿನಿಂದ ಕರೆ ಮಾಡಿದೆ. ಬಹಳ ಸೌಜನ್ಯದ ಹೆಣ್ಣು ಧ್ವನಿ.

"ಪರದೆ ಮೇಲೆ ಏನು ಕಾಣ್ತಿದೆ ಸರ್?"

"ನನಗೆ ಕಣ್ಣು ಕಾಣಲ್ಲ ಮೇಡಂ."

"ಪರವಾಗಿಲ್ಲ ಸರ್. ಕನ್ನಡಕ ಹಾಕ್ಕೊಂಡು ಬನ್ನಿ, ನಾನು ಲೈನಲ್ಲೇ ಇರ್ತೀನಿ."

ಪೂರ್ತಿಯೇ ಕಾಣುವುದಿಲ್ಲ ಎಂದು ವಿವರಿಸಿದೆ. ಆಕೆಗೆ ನಿಜವಾಗಿಯೂ ನೋವಾಯಿತು. ಎರಡು ಸಲ ಸಾರಿ ಕೇಳಿದರು. ಮೇಲಿನವರನ್ನು ವಿಚಾರಿಸಿ ಬರುತ್ತೇನೆಂದು ಹೋಗಿ, ಹತ್ತು ನಿಮಿಷ ಸಂಗೀತ ಕೇಳಿಸಿ, ಖುಷಿಯಿಂದ ವಾಪಸ್ ಬಂದರು.

"ಸರ್, ನಿಮ್ಮಂಥವರಿಗೆ ವಿಶೇಷ ವ್ಯವಸ್ಥೆ ಇದೆ. ದೃಷ್ಟಿ ಇಲ್ಲದವರು ದೂರು ಕೊಡೋಕೆ ಬೇರೆ ಫಾರಂ ಮಾಡಿದ್ದಾರೆ."

"ಎಲ್ಲಿ ಸಿಗುತ್ತೆ ಮೇಡಂ?"

"ನಿಮ್ಮ ಪರದೆ ಮೇಲೇ ಇದೆ ಸರ್. ಬಲಗಡೆ ಕೆಳಗೆ ನೋಡಿ, ನೀಲಿ ಬಣ್ಣದ್ದು."

ದೊಡ್ಡ ವೈರಸ್ಸು

ಮೂರನೆಯ ದಿನ ಕೊಳ್ಳೇಗಾಲದಿಂದ ಬೈಕಿನಲ್ಲಿ ರಿಪೇರಿಯವರು ಬಂದರು. ಕೆಲಸದಲ್ಲಿ ಶ್ರದ್ಧೆಯುಳ್ಳ ಮನುಷ್ಯ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿಸಿ, ಕೈ ಒರೆಸಿಕೊಂಡು ನಿಂತಿದ್ದರು.

"ಸರಿ ಓಯ್ತು ಸಾ. ಒಂದು ದೊಡ್ಡ ವೈರಸ್ ಸೇರ್ಕಂಡಿತ್ತು. ಬ್ಯಾರೆ ಯಾರ ಕಂಪ್ಯೂಟರ್ನಲ್ಲೂ ಇಲ್ಲ, ನಿಮ್ದೊಂದ್ರಲ್ಲೇ. ಬುಡ ಸಮೇತ ಕಿತ್ತಾಕ್ದೆ. ಕಟ್ಟಾಕಿದ್ದುನ್ನ ಬಿಚ್ಚಿ ನೋಡ್ತೀನಿ, ನಾನು ಕೀ ಮುಟ್ಟುದ್ರೆ ಸಾಕು, ನನ್ ಜೊತೇಲೇ ಮಾತಾಡಕ್ಕೆ ಬರದು, ಮುಂಡೇದು!"

ವೈರಸ್ಸಲ್ಲ, ಅದು ನನ್ನ ಕಣ್ಣು ಎಂದೆ. ಆತ ನನ್ನ ಹತ್ತಿರ ಬಂದ. ಆಮೇಲೆ ಮೆಲ್ಲಗೆ ಕೇಳಿದ: "ಅದ್ರುದು ಸಿಡಿ ಗಿಡಿ ಏನಾರಾ ಮಡ್ಗಿದ್ದೀರಾ ಸಾ?"

ಲೊಕ್ಕನಹಳ್ಳಿಗೆ ಸುದ್ದಿ

ಇದ್ದ ಪೆನ್ ಡ್ರೈವಿನಿಂದ ರೀಡರನ್ನು ಮತ್ತೆ ಹಾಕಿಸಿದೆ. ಬಾಯಿ ಬಂತು. ಆದರೆ ಕಾವಲಿನವನಿಗೆ ಇನ್ನೂ ಅನುಮಾನ. ಐದೈದು ನಿಮಿಷಕ್ಕೊಂದು ಎಚ್ಚರಿಕೆ ಪರದೆಗೆ ತರುತ್ತಿದ್ದ. ನನ್ನ ರೀಡರು ಪಾಪ, ತನ್ನ ಮೇಲೆ ಬಂದ ದೂರನ್ನು ತಾನೇ ಗಟ್ಟಿಯಾಗಿ ಓದುತ್ತಿತ್ತು. ಹೆಡ್‌ಫೋನ್ ಹಾಕಿದರೆ ಎದುರಿಗೆ ಬಂದವರ ಮಾತು ಕೇಳುವುದಿಲ್ಲವೆಂದು ನಾನು ಸ್ಪೀಕರಿನಲ್ಲೇ ಕೇಳುವುದು.

ಆ ಹೊತ್ತಿಗೆ ಲೊಕ್ಕನಹಳ್ಳಿಯ ರೈತರೊಬ್ಬರು ಅರ್ಜಿ ಹಿಡಿದು ಎದುರಿಗೆ ನಿಂತಿದ್ದರು. ಕಾಡಂಚಿನ ಊರಿನವರು.

"ಎಚ್ಚರಿಕೆ. ಅಪಾಯ ಪತ್ತೆಯಾಗಿದೆ. ಒಟ್ಟು ಮೂರು," ಎಂದಿತು ಸ್ಪೀಕರು.

"ಯಾವ್ ಕಡಿಂದ ಬಂದವು ಸಾ?" ಎಂದರು ರೈತರು.

ಕಂಪ್ಯೂಟರಿನ ಮೇಲೆ ಎಷ್ಟು ಕಾಳಜಿ ಎಂದು ನನಗೆ ಸಂತೋಷವಾಯಿತು. "ಎಲ್ಲಿಂದಲೂ ಬಂದಿಲ್ಲ ಗೌಡರೇ, ಮೊದಲಿಂದ ಒಳಗೇ ಇದ್ದಾವೆ," ಎಂದೆ.

ಅರ್ಜಿ ಮೇಜಿನ ಮೇಲೇ ಬಿತ್ತು. ಆಗಲೇ ಬಾಗಿಲ ಕಡೆಯಿಂದ ಫೋನಿನಲ್ಲಿ ಕೂಗುತ್ತಿದ್ದರು: "ಲೇ, ದನ ಒಳಕ್ ಕಟ್ಲಾ! ಮೂರ್ ಆನೆ ಊರೊಳಕ್ಕೇ ಬಂದವಂತೆ. ಆಪೀಸ್ನೋರೇ ಯೋಳುದ್ರು!"

ನಾನು ಕೂಗಿ ಹೇಳುವಷ್ಟರಲ್ಲಿ ಬಸ್ಸು ಹತ್ತಿದ್ದರು. ಮರುದಿನ ಬಂದರು. ಬೈಯುತ್ತಾರೆಂದು ಕಾದು ಕೂತೆ.

"ನಿಜ್ವಾಗ್ಲೂ ಸಂಜೆ ಬಂದಿದ್ದೊ ಸಾ. ಆದ್ರೆ ಎಲ್ಡೇ. ಒಂದು ತಪ್ತು. ಇರ್ಲಿ ಬುಡಿ, ಒಸಾ ಮಿಷನ್ನು, ಕಲ್ತ್ಕತದೆ."

ಅಸಮರ್ಥ

ಈ ಗಲಾಟೆಯಿಂದ ನಮ್ಮ ಮ್ಯಾನೇಜರ್ ಗಾಬರಿಯಾದರು. ಮುಂದಿನ ವಾರ ಜಿಲ್ಲೆಯಿಂದ ತಪಾಸಣೆಗೆ ದೊಡ್ಡ ಅಧಿಕಾರಿ ಬರುವವರಿದ್ದರು. ರಿಪೇರಿಯವರನ್ನು ಮತ್ತೆ ಕರೆಸಿ ಎಚ್ಚರಿಕೆ ನಿಲ್ಲಿಸಲು ಹೇಳಿದರು. ಆತ ಎಚ್ಚರಿಕೆಯನ್ನೂ ನಿಲ್ಲಿಸಿದ, ರೀಡರನ್ನೂ ನಿಲ್ಲಿಸಿದ. ತೆರೆಯುವ ಪಾಸ್‌ವರ್ಡು ಜಿಲ್ಲೆಯಲ್ಲಿದೆ ಎಂದು ಹೊರಟುಹೋದ. ನನ್ನ ಮೇಜಿನ ಮೇಲೆ ಕಡತ ಬೆಳೆಯತೊಡಗಿತು.

ಮ್ಯಾನೇಜರ್ ಕೆಟ್ಟವರಲ್ಲ, ಹೆದರಿಕೆಯವರು. ತಪಾಸಣೆಯ ಬೆಳಿಗ್ಗೆ ನನ್ನ ಪಕ್ಕ ಕುರ್ಚಿ ಎಳೆದು ಕೂತರು. "ಅರ್ಜೆಂಟ್ ಪತ್ರ ಇದೆ, ಹೇಳ್ತೀನಿ, ಟೈಪ್ ಮಾಡಿ," ಎಂದರು. ಕಚೇರಿಯಲ್ಲಿ ಕನ್ನಡ ಟೈಪಿಂಗ್ ಸರಿಯಾಗಿ ಬರುವುದು ನನಗೊಬ್ಬನಿಗೇ. ಕಂಪ್ಯೂಟರ್ ಮೂಕವಾದರೂ ಕೀ ಎಲ್ಲಿವೆ ಎಂದು ಬೆರಳಿಗೆ ಗೊತ್ತು.

"ಸದರಿ ನೌಕರರು ಕಂಪ್ಯೂಟರ್ ಬಳಸಲು ಅಸಮರ್ಥರಾಗಿರುವುದರಿಂದ..." ಎಂದರು. ಟೈಪ್ ಮಾಡಿದೆ. "...ಇವರನ್ನು ಟೆಲಿಫೋನ್ ಕೆಲಸಕ್ಕೆ ಮರಳಿ ನಿಯೋಜಿಸಲು ಕೋರಿದೆ."

ನನ್ನ ಕೈ ನಿಂತಿತು. "ಸದರಿ ನೌಕರರು ಅಂದ್ರೆ ಯಾರು ಸಾರ್?"

ಅವರು ಕೆಮ್ಮಿದರು. "ನೀವೇ ಕಣ್ರಿ. ಕಡತ ಯಾಕೆ ಉಳಿದಿದೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಹೆಸರು ಕೊನೇಲಿ ಹಾಕಿ."

ಹಾಕಿದೆ. ಬಹಳ ಸಂಕಟವಾಯಿತು. ಬೇಕೆಂದೇ ನಾಲ್ಕು ತಪ್ಪು ಮಾಡಿ ಸೇಡು ತೀರಿಸಿಕೊಳ್ಳಬಹುದಿತ್ತು. ಕೈ ಒಪ್ಪಲಿಲ್ಲ.

ಅಧಿಕಾರಿ ಬಂದರು, ಹೆಣ್ಣುಮಗಳು. ಕಡತ ಯಾಕೆ ಉಳಿದಿದೆ ಎಂದು ಕೇಳಿಯೇ ಕೇಳಿದರು. ಮ್ಯಾನೇಜರ್ ಪತ್ರ ಕೊಟ್ಟರು. ಆಕೆ ಓದಿದರು. ಮತ್ತೊಮ್ಮೆ ಓದಿದರು.

"ಒಂದು ಒತ್ತಕ್ಷರವೂ ತಪ್ಪಿಲ್ಲವಲ್ಲ! ನನ್ನ ಆಫೀಸಲ್ಲಿ ಹೀಗೆ ಮಾಡೋರು ಒಬ್ರೂ ಇಲ್ಲ. ಯಾರು ಟೈಪ್ ಮಾಡಿದ್ದು?"

ಮೇಡಂಗೆ ಟೀ ಕೊಟ್ಟು ನಿಂತಿದ್ದ ಜವಾನರು ನನ್ನ ಹೆಗಲು ಮುಟ್ಟಿ ಹೇಳಿದರು: "ಇವ್ರೇ ಮೇಡಂ."

"ಇದರಲ್ಲಿ ಅಸಮರ್ಥರು ಅಂತ ಬರೆದಿರೋದು ಯಾರ ಬಗ್ಗೆ?"

"ಇವ್ರ ಬಗ್ಗೇನೇ. ಬ್ಯಾರೆಯವ್ರ ಕೈಲಿ ಮಾಡ್ಸನಾ ಅಂದ್ರೆ ಇಲ್ಲಿ ಯಾರ್ಗೂ ಬರಕಿಲ್ವಲ್ಲ ಮೇಡಂ."

ಆಕೆ ನಕ್ಕರು. ಎಷ್ಟು ನಕ್ಕರೆಂದರೆ ಟೀ ಕೆಳಗಿಡಬೇಕಾಯಿತು. ಆಮೇಲೆ ಜಿಲ್ಲೆಗೆ ಫೋನ್ ಮಾಡಿದರು. ಅಷ್ಟು ದಿನ ಸಿಗದ ಪಾಸ್‌ವರ್ಡು ಹತ್ತು ನಿಮಿಷದಲ್ಲಿ ಬಂತು. ನನ್ನ ಕಂಪ್ಯೂಟರ್ ಬಾಯಿ ಬಿಟ್ಟಿತು.

"ಈಗ ಬೇರೆ ಪತ್ರ ಬರೆಸಿ," ಎಂದರು ಮೇಡಂ, ಮ್ಯಾನೇಜರಿಗೆ. ಅವರು ಮತ್ತೆ ನನ್ನ ಪಕ್ಕವೇ ಬಂದು ಕೂತರು. ಸದರಿ ನೌಕರರು ಕಂಪ್ಯೂಟರ್ ಬಳಸಲು ಅತ್ಯಂತ ಸಮರ್ಥರು, ಅವರನ್ನು ಅದೇ ಕುರ್ಚಿಯಲ್ಲಿ ಮುಂದುವರಿಸಲಾಗಿದೆ ಎಂದು. ನಾನು ಒತ್ತಿದ ಒಂದೊಂದು ಅಕ್ಷರವನ್ನೂ ರೀಡರು ಕಚೇರಿಗೆಲ್ಲ ಕೇಳುವಂತೆ ಸಾರಿತು. ನನ್ನ ಹೊಗಳಿಕೆ ನನ್ನ ಕೈಯಲ್ಲೇ. ನಾಚಿಕೆಯೋ ಸಂತೋಷವೋ, ಬೆರಳು ಗಡಗಡ ನಡುಗಿದವು.

ಮೇಡಂ ಪತ್ರ ಓದಿದರು. ಪೆನ್ನು ತೆಗೆದು ಐದು ಕಡೆ ತಿದ್ದಿದ ಸದ್ದು ಕೇಳಿಸಿತು.

"ಅಸಮರ್ಥರಾಗಿದ್ದಾಗಲೇ ಚೆನ್ನಾಗಿ ಟೈಪ್ ಮಾಡ್ತಿದ್ರಿ ಕಣ್ರಿ," ಎಂದರು.