ನಾಲ್ಕು ತಾಲ್ಲೂಕಿನ ಡಾಕ್ಟರು, ಒಂದು ರೇಡಿಯಂ ಸೂಜಿ

ದೊಡ್ಡ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಬಂದವನೆಂದರೆ ಜನ ಕೈ ಮುಗಿಯುತ್ತಾರೆ. ಒಳಗಿದ್ದು ಬಂದ ನನಗೆ ನಗು ಬರುತ್ತದೆ. ಕಲಿಸುವವರಿಗೆ ಕಲಿಸುವ ಮನಸ್ಸಿಲ್ಲದ ಕಡೆ ನಗೆಯ ಪ್ರಸಂಗಗಳು ಬೇಡವೆಂದರೂ ದಿನಕ್ಕೊಂದು ಹುಟ್ಟುತ್ತವೆ. ಮಹಾರಾಜರ ಕಾಲದ ಕೆಲವನ್ನು ಹೇಳುತ್ತೇನೆ.

ಆಯ್ಕೆ

ನಾನಾಗ ಮಧುಗಿರಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ರೇಡಿಯಂ ಬಂದಿತ್ತು. ಅದನ್ನು ತುಂಬಿದ ಸಣ್ಣ ಸೂಜಿಗಳನ್ನು ಕ್ಯಾನ್ಸರ್ ಹುಣ್ಣಿಗೆ ಚುಚ್ಚಿಟ್ಟರೆ ಹುಣ್ಣು ಸುಟ್ಟು ಮಾಯುತ್ತದೆ. ಆ ವಿದ್ಯೆ ಕಲಿಯಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಒಬ್ಬೊಬ್ಬ ಡಾಕ್ಟರು ಮೂರು ತಿಂಗಳು ಬರಬೇಕೆಂದು ಹುಕುಂ ಆಯಿತು.

ಮಧುಗಿರಿಯಿಂದ ನನ್ನ ಹೆಸರು ಹೋಯಿತು. ಬುದ್ಧಿವಂತನೆಂದು ಆರಿಸಿದ್ದಾರೆಂದು ಬೀಗಿದೆ. ಮನೆಯಲ್ಲಿ ಒಬ್ಬಟ್ಟು ಮಾಡಿಸಿದೆ. ತುಮಕೂರಿಗೆ ಹೋಗಿ ಜಿಲ್ಲೆಯ ಮೇಲಧಿಕಾರಿಗೆ ನಿಂಬೆಹಣ್ಣು ಕೊಟ್ಟು ನಮಸ್ಕಾರ ಮಾಡಿದೆ. ಅವರು ಹುಕುಮಿನ ಕಾಗದ ನನ್ನ ಮುಂದೆ ತಳ್ಳಿದರು. "ಯಾರು ಇಲ್ಲದಿದ್ದರೂ ಆಸ್ಪತ್ರೆಯ ಕೆಲಸ ನಿಲ್ಲುವುದಿಲ್ಲವೋ ಅಂಥವರನ್ನು ಕಳಿಸತಕ್ಕದ್ದು" ಎಂದಿತ್ತು.

"ನಿಮ್ಮ ತಾಲ್ಲೂಕಿನ ವಿಷಯದಲ್ಲಿ ಯೋಚನೆ ಮಾಡೋ ಪ್ರಮೇಯವೇ ಬರಲಿಲ್ಲ ಕಣ್ರೀ" ಎಂದರು.

ಕುಂಬಳಕಾಯಿ

ರೇಡಿಯಂ ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದ ಕೈ ನಮ್ಮ ಗುರುಗಳಾದ ದೊಡ್ಡ ಡಾಕ್ಟರ ಸೊಂಟದಲ್ಲಿ. ತಾಲ್ಲೂಕಿನವರು ಮುಟ್ಟಿದರೆ ಸವೆದುಹೋಗುತ್ತದೆ ಎನ್ನುವಂತೆ ಅವರು ಅದನ್ನು ಕಾಯುತ್ತಿದ್ದರು. ನಮಗೆ ಕೊಟ್ಟದ್ದು ಬಟ್ಟೆ ಹೊಲಿಯುವ ಸೂಜಿ ಮತ್ತು ತಲೆಗೊಂದು ಕುಂಬಳಕಾಯಿ. ಅದಕ್ಕೆ ಸೂಜಿ ಚುಚ್ಚುವುದು, ಕೀಳುವುದು, ಮತ್ತೆ ಚುಚ್ಚುವುದು. ಸಂಜೆ ನಮ್ಮ ರೋಗಿಗಳು ಆಸ್ಪತ್ರೆಯ ಅಡುಗೆಮನೆಗೆ ಹೋಗಿ ಹುಳಿಯಾಗುತ್ತಿದ್ದರು.

ಐದು ವಾರ ಕಳೆಯಿತು. "ಭೇಷ್, ಕೈ ಪಳಗುತ್ತಿದೆ" ಎಂದು ದೊಡ್ಡ ಡಾಕ್ಟರು ಹೊರಟುಹೋದ ಮೇಲೆ ಪಾವಗಡದ ಡಾಕ್ಟರು ಸೂಜಿ ಎಸೆದರು. "ಏಮಯ್ಯಾ, ನಮ್ಮ ಪಾವಗಡದಲ್ಲಿ ಇದುವರೆಗೂ ಒಂದು ಕುಂಬಳಕಾಯಿಗೂ ಕ್ಯಾನ್ಸರ್ ಬಂದಿಲ್ಲ ಕದಾ!"

ಹಲಗೆಯ ಹಿಂದೆ

ರೇಡಿಯಂ ಹತ್ತಿರ ಹೆಚ್ಚು ಹೊತ್ತು ನಿಂತರೆ ಮೈಗೆ ಕೆಡುಕು. ಇದು ನಿಜ, ತಮಾಷೆಯಲ್ಲ. ಅದಕ್ಕೆಂದೇ ವಾರ್ಡಿನ ಬಾಗಿಲಲ್ಲಿ ಸೀಸದ ಹಲಗೆ ನಿಲ್ಲಿಸಿದ್ದರು. ಸೂಜಿ ಚುಚ್ಚುವಾಗ ಎಷ್ಟು ಬೇಕೋ ಅಷ್ಟೇ ಹೊತ್ತು ದೊಡ್ಡ ಡಾಕ್ಟರು ರೋಗಿಯ ಬಳಿ ಇರುತ್ತಿದ್ದರು. ಆಮೇಲೆ ಏಳು ದಿನ ಹಲಗೆಯ ಹಿಂದಿನಿಂದಲೇ ಪಾಠ. ರೋಗಿ ಅಷ್ಟು ದೂರದಲ್ಲಿ, ಪಾಠ ಕೂಗಿಕೊಂಡು. ಹುಣ್ಣು ಯಾವ ಕೆನ್ನೆಯಲ್ಲಿದೆ ಎಂಬುದೂ ನಮಗೆ ಕಾಣುತ್ತಿರಲಿಲ್ಲ.

ರೋಗಿಯ ಮಂಚದ ಪಕ್ಕ ಬೆಳಗಿನಿಂದ ಸಂಜೆಯವರೆಗೆ ಆಯಾ ಒಬ್ಬಳು ಕೂತು ಗಂಜಿ ಕುಡಿಸುತ್ತಿದ್ದಳು. ನೋಡಿ ನೋಡಿ ತಡೆಯಲಾರದೆ ನಾನು ಕೇಳಿಯೇಬಿಟ್ಟೆ. "ಸಾರ್, ಆಕೆಗೆ ಕೆಡುಕಾಗುವುದಿಲ್ಲವೆ?"

ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಆಕೆ ಖಾಯಂ ನೌಕರಿಯವಳಲ್ಲ."

ಅಜ್ಜಿಯ ಬಾಯಿ

ಆ ವಾರ್ಡಿಗೆ ನಮ್ಮ ತಾಲ್ಲೂಕಿನ ಪುರವರದ ಅಜ್ಜಿಯೊಬ್ಬಳು ಬಂದಳು. ಹೊಗೆಸೊಪ್ಪು ಅಗಿದೂ ಅಗಿದೂ ಕೆನ್ನೆಯ ಒಳಗೆ ಕ್ಯಾನ್ಸರ್ ಹುಣ್ಣು. ಎಂಟು ಸೂಜಿ, ಏಳು ದಿನ ಎಂದು ನಿಶ್ಚಯವಾಯಿತು. ಒಂದು ಸೂಜಿ ತಪ್ಪಿದರೂ ಅಷ್ಟು ಜಾಗದ ಹುಣ್ಣು ಉಳಿದು ಮತ್ತೆ ಹಬ್ಬುತ್ತದೆ, ಅಜ್ಜಿಯ ಜೀವಕ್ಕೇ ಸಂಚಕಾರ. ಪ್ರತಿ ಸೂಜಿಯ ಕಣ್ಣಿಗೂ ಒಂದು ದಾರ ಕಟ್ಟಿ ಬಾಯಿಂದ ಹೊರಗೆ ಬಿಡುವುದು ಪದ್ಧತಿ. ದಾರ ಎಣಿಸಿದರೆ ಸೂಜಿ ಎಣಿಸಿದಂತೆ. ದಾರ ಕಟ್ಟುವ, ಎಣಿಸುವ ಕೆಲಸ ಮಾತ್ರ ನಮಗೆ ಬಿಟ್ಟಿದ್ದರು; ಈ ಸಲ ಕಟ್ಟಿದವನು ನಾನು.

ಮೂರನೆಯ ದಿನ ಬೆಳಿಗ್ಗೆ ಎಣಿಸಲು ಹೋದರೆ ಒಂದು ದಾರ ಬರಿದೇ ನನ್ನ ಕೈಗೆ ಬಂತು. ತುದಿಯಲ್ಲಿ ಸೂಜಿಯಿಲ್ಲ.

"ಸರ್ಕಾರದ ರೇಡಿಯಂ!" ಎಂದು ದೊಡ್ಡ ಡಾಕ್ಟರು ಹಲಗೆಯ ಹಿಂದೆ ತಲೆ ಚಚ್ಚಿಕೊಂಡರು. ಅಜ್ಜಿಯ ಗತಿ ಏನೆಂದು ಒಂದು ಮಾತಿಲ್ಲ. ಹಾಸಿಗೆ ಕೊಡವಿಸಿದರು, ಕಸ ಜಾಲಾಡಿಸಿದರು. ನಾಲ್ಕು ತಾಲ್ಲೂಕಿನ ಡಾಕ್ಟರೂ ಮೊಣಕಾಲೂರಿ ಮೋರಿಯ ಕೆಸರಿಗೆ ಜರಡಿ ಹಿಡಿದೆವು. ನಾವು ವಾರ್ಡಿಗೆ ಬಂದಾಗಲೆಲ್ಲ ಅಜ್ಜಿ ಕೈಯೆತ್ತಿ "ಅಪ್ಪಾ, ಅದು..." ಎನ್ನುತ್ತಿದ್ದಳು. ಮಾತಾಡಿದರೆ ಉಳಿದ ಸೂಜಿಗಳೂ ಅಲುಗುತ್ತವೆ ಎಂದು ದೊಡ್ಡ ಡಾಕ್ಟರು "ಬಾಯಿ ಮುಚ್ಚು!" ಎಂದು ಗದರುತ್ತಿದ್ದರು.

ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನು ಅಜ್ಜಿಯ ಬಳಿ ಹೋದೆ. "ಏನಜ್ಜಿ?"

ಅಜ್ಜಿ ತನ್ನ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಸೂಜಿ! "ಇದೇನಾ ನೀವು ಹುಡುಕ್ತಿರಾದು? ರಾತ್ರಿ ಕೆಮ್ಮಿದ್ದಕ್ಕೆ ಉದುರ್ಬುಡ್ತು ಕಣಪ್ಪ. ಹೇಳಾಕ್ ಬಂದ್ರೆ ಆವಯ್ಯ ಬಾಯ್ ಮುಚ್ಚು ಅಂತಾನೆ. ಮುಚ್ಕೊಂಡು ಕುಂತಿವ್ನಿ."

ಸುದ್ದಿ ತಿಳಿದು ದೊಡ್ಡ ಡಾಕ್ಟರು ಎಂಜಲು ಕೈಯಲ್ಲೇ ಓಡಿಬಂದು ಹಲಗೆಯ ಹಿಂದೆ ನಿಂತರು. "ತಗೊಂಡು ಬಾ ಇಲ್ಲಿ!"

ಅಜ್ಜಿ ಡಬ್ಬಿ ಮುಚ್ಚಿ ದಿಂಬಿನ ಕೆಳಗಿಟ್ಟಳು. "ಕೊಡಾಕಿಲ್ಲ. ಬೆಳಿಗ್ಗೆಯಿಂದ ಸೂಜಿ ಸೂಜಿ ಅಂತ ಬಡ್ಕೊಂತಿದ್ದೀಯ. ನನ್ ಹುಣ್ಣು ಹೆಂಗೈತೆ ಅಂತ ಕೇಳಿದ್ಯಾ? ಈಚೆ ಬಾ. ಹತ್ರ ಬಂದು ನೋಡು. ಆಮ್ಯಾಕೆ ಸೂಜಿ."

ಬಂದರು! ಬೇರೆ ದಾರಿಯಿರಲಿಲ್ಲ. ದೀಪ ಹಿಡಿದು ಕೆನ್ನೆಯ ಮೂಲೆಮೂಲೆ ನೋಡಿದರು. ಆ ಸೂಜಿ ಕೂಡಲೇ ಸ್ವಸ್ಥಾನ ಸೇರದಿದ್ದರೆ ಹುಣ್ಣು ಉಳಿಯುತ್ತದೆ ಎಂದು ತಾವೇ ಒಪ್ಪಿಕೊಂಡರು. ನಾನು ಮತ್ತೆ ದಾರ ಕಟ್ಟಲು ಹೋದೆ. ಅಜ್ಜಿ ಕಿತ್ತುಕೊಂಡಳು.

"ನೀನು ಕಟ್ಟಿದ್ದ ಕಂಡ್ನಲ್ಲ, ಬುಡು. ಹಗ್ಗ ಕೀಳೋ ಎಮ್ಮೆಗೆ ನಾವು ಹಿಂಗೆ ಗಂಟು ಹಾಕಾದು. ಎಳದಷ್ಟೂ ಬಿಗಿ."

ಆ ಗಂಟಿನ ಸೂಜಿಯನ್ನು ದೊಡ್ಡ ಡಾಕ್ಟರು ಮತ್ತೆ ಚುಚ್ಚಿದರು; ಗಂಟು ಏಳನೆಯ ದಿನದವರೆಗೂ ಜಗ್ಗಲಿಲ್ಲ. ಎಂಟು ಸೂಜಿಯೂ ಸರಿಯಾಗಿ ಹೊರಬಂದವು. ಕೆಲವು ವಾರದಲ್ಲಿ ಹುಣ್ಣು ಮಾಯಿತು. ಅಜ್ಜಿ ಪುರವರಕ್ಕೆ ಹೊರಟ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಬಸ್ಸಿನವರೆಗೂ ಅವಳ ಗಂಟುಮೂಟೆ ಹೊತ್ತೆ.

ಕೊನೆಯ ಪಾಠದಲ್ಲಿ ದೊಡ್ಡ ಡಾಕ್ಟರು ಆ ಗಂಟನ್ನು ಬೋರ್ಡಿನ ಮೇಲೆ ಬರೆದು, ಇದು ಲಂಡನ್ನಿನ ತಜ್ಞರು ಬಹಳ ಸಂಶೋಧನೆ ಮಾಡಿ ಕಂಡುಹಿಡಿದದ್ದು ಎಂದರು. ಪರೀಕ್ಷೆಯಲ್ಲೂ ಆ ಗಂಟು ಎಲ್ಲಿಯದು ಎಂಬ ಪ್ರಶ್ನೆಯೇ ಬಂತು. ಮೂವರು ಲಂಡನ್ ಎಂದು ಬರೆದು ಪೂರ್ತಿ ಅಂಕ ತೆಗೆದರು. ನಾನು "ಪುರವರ, ಮಧುಗಿರಿ ತಾಲ್ಲೂಕು, ಎಮ್ಮೆ ಕೊಟ್ಟಿಗೆ" ಎಂದು ಬರೆದು ಸೊನ್ನೆ ತೆಗೆದೆ.