ಗಿರಾಕಿಯ ಕೋಟು ತೊಟ್ಟ ಟೈಲರ್

ಹೊಲಿದು ಮುಗಿಸಿದ ಗಿರಾಕಿಯ ಕೋಟನ್ನು ಒಮ್ಮೆ ತೊಟ್ಟು, ಪಕ್ಕದ ಸ್ಟುಡಿಯೊದಲ್ಲಿ ಫೋಟೊ ತೆಗೆಸಿಕೊಂಡದ್ದೇ ಟೈಲರ್ ಮಾಡಿದ ತಪ್ಪು. ಆ ಫೋಟೊ ಹೇಗೋ ಸರ್ಕಾರದ ಜಾಲತಾಣ ಸೇರಿತು. ಕೆಳಗೆ 'ಸರ್ಕಾರಿ ಜಾಲತಾಣಗಳ ಮೇಲ್ವಿಚಾರಣಾಧಿಕಾರಿ' ಎಂದು ಬೇರೆ ಬರೆದಿತ್ತು.

ಆರು ತಿಂಗಳಿಂದ ಅಂಗಡಿಗೆ ಬಟ್ಟೆ ಬರುವ ಬದಲು ದೂರು ಬರುತ್ತಿತ್ತು. ಪುಟವೇ ತೆರೆದುಕೊಳ್ಳದವರು, ಗಂಡನ ಹೆಸರಿರಬೇಕಾದ ಕಡೆ ಮಾವನ ಹೆಸರು ಬಂದವರು ಬೆಳಿಗ್ಗೆಯೇ ಬಂದು ಬೆಂಚು ಹಿಡಿಯುತ್ತಿದ್ದರು. ಎದುರಿನ ಜೆರಾಕ್ಸ್ ಅಂಗಡಿಯವನು ಮಹಾ ಪರೋಪಕಾರಿ. ತಾನೇ ಚೀಟಿ ಹಂಚಿ ಸಾಲು ನಿಲ್ಲಿಸುತ್ತಿದ್ದ. ಅಳತೆ ಕೊಡಲು ಬಂದವರು ಸಾಲು ನೋಡಿಯೇ ತಿರುಗಿ ಹೋಗುತ್ತಿದ್ದರು.

"ಇವತ್ತು ಆ ಫೋಟೊ ಕೀಳಿಸಿಯೇ ಮನೆಗೆ ಬನ್ನಿ. ಇಲ್ದಿದ್ರೆ ನಿಮ್ಮಪ್ಪ ಕಟ್ಟಿದ ಅಂಗಡಿ ಉಳಿಯಲ್ಲ," ಎಂದಳು ಹೆಂಡತಿ.

ಟೈಲರ್ ಸರ್ಕಾರಿ ಕಚೇರಿಗೆ ಹೊರಟ. ಕಂದಾಯದವರು ಅದು ತಮ್ಮದಲ್ಲ, ನೀರಿನವರದು ಎಂದರು. ನೀರಿನವರು ಮೂರನೇ ಮಹಡಿಗೆ ಕಳಿಸಿದರು. ಮೂರನೇ ಮಹಡಿಯವರು ಊಟಕ್ಕೆ ಹೋಗಿದ್ದರು. ಬಂದ ಮೇಲೆ ನೆಲಮಾಳಿಗೆಗೆ ಕಳಿಸಿದರು. ಅಷ್ಟರಲ್ಲಿ ಬೆವರಿಗೆ ಅವನ ಅಂಗಿ ಹಿಂಡುವಂತಾಗಿತ್ತು.

ನೆಲಮಾಳಿಗೆಯಲ್ಲಿ ಒಂದು ಖಾಲಿ ಕುರ್ಚಿ, ಒಬ್ಬ ಗುಮಾಸ್ತ. ಟೈಲರ್ ಮುಖ ಕಂಡದ್ದೇ ಗುಮಾಸ್ತ ಎದ್ದು ನಿಂತು ಕೈ ಮುಗಿದ. ಅಧಿಕಾರಿಯ ಹುದ್ದೆಗೆ ಯಾರನ್ನೂ ನೇಮಿಸಿರಲಿಲ್ಲವಂತೆ. ಫೋಟೊ ಹಾಕದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲವಂತೆ. ಸ್ಟುಡಿಯೊದಿಂದ ಕೋಟು ಹಾಕಿದ ಒಂದು ಫೋಟೊ ತರಿಸಿ ತಾನೇ ಅಂಟಿಸಿದೆನೆಂದು ಗುಮಾಸ್ತ ಹೆಮ್ಮೆಯಿಂದ ಹೇಳಿದ.

ತೆಗೆಯಪ್ಪ ಎಂದರೆ ಅದಕ್ಕೆ ಅಧಿಕಾರಿಯ ಆದೇಶ ಬೇಕೆಂದ. ಯಾರು ಆ ಅಧಿಕಾರಿ ಎಂದು ಕೇಳಿದ್ದಕ್ಕೆ, ಗುಮಾಸ್ತ ಕಂಪ್ಯೂಟರನ್ನು ಇವನತ್ತ ತಿರುಗಿಸಿದ. ಕೋಟು ತೊಟ್ಟ ಟೈಲರ್ ಅಲ್ಲಿಂದ ಗತ್ತಿನಲ್ಲಿ ನೋಡುತ್ತಿದ್ದ.

ಟೈಲರಿಗೆ ಅಳುವೇ ಬಂತು. ದಾರಿ ಕಾಣದೆ, 'ನನ್ನ ಫೋಟೊ ತೆಗೆಯತಕ್ಕದ್ದು' ಎಂದು ಬರೆದು, ಅಧಿಕಾರಿಯ ಜಾಗದಲ್ಲಿ ಸಹಿ ಹಾಕಿದ.

ಗುಮಾಸ್ತ ಸಹಿಯ ಮೇಲೆ ಮೊಹರು ಒತ್ತಿ, ಡ್ರಾಯರಿನಿಂದ ಒಂದು ಲಕೋಟೆ ತೆಗೆದುಕೊಟ್ಟ. ಪುಟದಲ್ಲಿ ಮುಖ ಕಂಡು, ಮೇಲಿನ ಕಚೇರಿಯವರು ಅಧಿಕಾರಿ ಇದ್ದಾನೆಂದೇ ನಂಬಿದ್ದರು. ಆರು ತಿಂಗಳು ಕಚೇರಿಗೆ ಬಾರದ ತಪ್ಪಿಗೆ ಅವನನ್ನು ಅಮಾನತು ಮಾಡಿದ ಆದೇಶ ಲಕೋಟೆಯಲ್ಲಿತ್ತು.

"ಸಾಹೇಬ್ರು ಯಾರೂಂತ ಗೊತ್ತಿರ್ಲಿಲ್ಲ, ಈಗ ನಿಮ್ಮ ಸಹಿನೇ ಸಿಕ್ತು," ಎಂದ ಗುಮಾಸ್ತ. "ಅಮಾನತು ಹೋದ ವಾರದಿಂದ್ಲೇ ಜಾರಿ ಸಾರ್. ಅದಕ್ಕೇ ನಿಮ್ಮ ಇವತ್ತಿನ ಆದೇಶ ನಡೆಯಲ್ಲ. ವಿಚಾರಣೆ ಮುಗಿಯೋವರೆಗೂ ಬೇರೆ ಕಸುಬು ಮಾಡೋ ಹಾಗೂ ಇಲ್ಲ. ಅಂಗಡಿ ಗಿಂಗಡಿ ಇದ್ರೆ ಮುಚ್ಚಬೇಕಾಗುತ್ತೆ."

ವಿಚಾರಣೆ ಯಾವಾಗ ಎಂದು ಟೈಲರ್ ಸತ್ತ ದನಿಯಲ್ಲಿ ಕೇಳಿದ.

"ತಾರೀಕು ಜಾಲತಾಣದಲ್ಲಿ ಹಾಕ್ತೀವಿ ಸಾರ್. ಹಾಕೋದಕ್ಕೆ ಅಧಿಕಾರಿಗಳ ಒಪ್ಪಿಗೆ ಬರಬೇಕು."