ಮನೆಯಳಿಯನ ವಲಸೆ ಪಾಠ

ನಾಗರಿಕಶಾಸ್ತ್ರದ ಮೇಷ್ಟ್ರಿಗೆ ಆ ವಾರ ಊಟ ಸೇರಲಿಲ್ಲ. ‘ವಲಸೆ ನೀತಿಯ ನಿರ್ಧಾರಗಳು ಹೇಗೆ ಆಗುತ್ತವೆ’ ಎಂಬ ಪಾಠ ಎಷ್ಟು ಹೇಳಿದರೂ ಮಕ್ಕಳ ತಲೆಯಲ್ಲಿ ನಿಲ್ಲದೆ ಕಿಟಕಿಯಾಚೆ ವಲಸೆ ಹೋಗುತ್ತಿತ್ತು.

“ನೀವೂ ನಮ್ಮನೆಗೆ ವಲಸೆ ಬಂದವರೇ ಅಲ್ವಾ? ಅದನ್ನೇ ಹೇಳಿ,” ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

ಮೇಷ್ಟ್ರು ಕರಗಿಹೋದರು. ಹೌದು, ಒಂದು ಟ್ರಂಕು, ಒಂದು ಚಾಪೆ ಹಿಡಿದು ಈ ಮನೆಯ ಮಹಡಿಗೆ ಬಾಡಿಗೆಗೆ ಬಂದ ಕಾಲ ಅದು. ಕೆಳಗೆ ರೇಡಿಯೊ ಹಾಡು, ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು. ವರ್ಷ ತುಂಬುವುದರೊಳಗೆ ಬಾಡಿಗೆದಾರ ಮನೆಯಳಿಯನಾಗಿದ್ದ. (ಬಾಡಿಗೆ ನಿಂತಿತು, ಚಾಕರಿ ಶುರುವಾಯಿತು.)

ಮರುದಿನ ಮಾವನವರನ್ನೇ ತರಗತಿಗೆ ಕರೆದೊಯ್ದು ಕುರ್ಚಿಯಲ್ಲಿ ಪ್ರತಿಷ್ಠಾಪಿಸಿದರು. “ಇವರೇ ಅಂದಿನ ಘನ ಸರ್ಕಾರ. ನನ್ನ ಯೋಗ್ಯತೆ ನೋಡಿ ಪ್ರವೇಶ ಮಂಜೂರು ಮಾಡಿದವರು.”

“ಯಾವ ಯೋಗ್ಯತೆ ಅಜ್ಜ?” ಮೊದಲ ಬೆಂಚಿನ ಹುಡುಗಿ ಕೇಳಿದಳು.

“ಎತ್ತರ,” ಎಂದರು ಮಾವ. “ತಾರಸಿ ಮೇಲಿನ ನೀರಿನ ಟ್ಯಾಂಕ್ ತೊಳೆಯೋರು ಬೇಕಿತ್ತು. ನನಗೆ ಮಂಡಿನೋವು.”

“ಹಾಗಾದ್ರೆ ಕಾರ್ಮಿಕರ ಕೊರತೆ.”

“ಅದೇ ಕಣಮ್ಮ. ನಮ್ಮಕ್ಕ ಮಾತ್ರ ಹೊರಗಿನವನು ಬೇಡ ಅಂತ ಹಟ ಹಿಡಿದಳು. ಪಕ್ಕದ ಮನೆಯವರೂ ಇವರ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಗೊತ್ತಾಯ್ತು ನೋಡು, ತಕ್ಷಣ ಒಪ್ಪಿದಳು.”

ಅಗತ್ಯ, ವಿರೋಧ, ಪೈಪೋಟಿ. ಪಾಠ ಒಂದೇ ಏಟಿಗೆ ಎಲ್ಲರಿಗೂ ಅರ್ಥವಾಯಿತು. ಮೇಷ್ಟ್ರ ಮುಖ ಬಾಡಿತು.

“ಸರ್‌ನ ಕಾಯಂ ಮಾಡಿದೀರಾ?” ಕೊನೇ ಬೆಂಚಿನಿಂದ ಪ್ರಶ್ನೆ ಬಂತು.

“ಇನ್ನೂ ನೋಡ್ತಾ ಇದೀವಿ.”

ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ತಡೆಯಲಾರದೆ ಕೇಳಿದರು, “ಬರೀ ಟ್ಯಾಂಕಿಗೋಸ್ಕರವಾ ಮಾವ?”

ಮುದುಕರು ಕೋಲೂರಿ ನಿಂತರು. “ಮಕ್ಕಳೆದುರು ಹೇಳೋ ಮಾತಲ್ಲ ಅಳಿಯಂದ್ರೇ. ಮಹಡಿ ಖಾಲಿ ಮಾಡಿಸ್ತೀನಿ ಅಂದಿದ್ದೇ ತಡ, ಮಗಳು ಊಟ ಬಿಟ್ಟಳು. ಯಾವಾಗ ನೋಡಿದ್ರೂ ಕಣ್ಣಲ್ಲಿ ನೀರು. ನಾನು ಸೋತಿದ್ದು ಅಲ್ಲಿ.”

ಮೇಷ್ಟ್ರ ಎದೆ ತುಂಬಿ ಬಂತು. ಇಷ್ಟು ವರ್ಷ ಬಾಯಿ ಬಿಡದವಳು! ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡುಗೆಮನೆಗೆ ಹೋಗಿ, “ನನಗೋಸ್ಕರ ಊಟ ಬಿಟ್ಟಿದ್ದೆಯಂತೆ,” ಎಂದರು ಮೆಲ್ಲಗೆ.

ಅವಳು ಪಾತ್ರೆ ಒರೆಸುತ್ತಾ ನೆನಪಿಸಿಕೊಂಡಳು. “ಅದಾ? ದವಡೆ ಹಲ್ಲು ನೋವು ಕಣ್ರೀ. ನೀರೂ ಇಳೀತಿರಲಿಲ್ಲ. ಅಪ್ಪ ಏನೇನೋ ತಿಳ್ಕೊಂಡು ಮದುವೆ ಗೊತ್ತು ಮಾಡಿಬಿಟ್ಟರು.”

“ಹಲ್ಲು ಅಂತ ಹೇಳಬಾರದಿತ್ತಾ?”

“ಹೇಳೋಣ ಅಂತಲೇ ಇದ್ದೆ. ಆಮೇಲೆ ಯಾಕೋ ಸುಮ್ಮನಾದೆ,” ಎಂದು ಅವಳು ತಿರುಗಿ ನಿಂತಳು.

ನಗುತ್ತಿದ್ದಳೋ ಇಲ್ಲವೋ, ಬೆನ್ನು ನೋಡಿ ಹೇಳುವ ವಿದ್ಯೆ ಮೇಷ್ಟ್ರಿಗೆ ಇವತ್ತಿಗೂ ಒಲಿದಿಲ್ಲ.